ಸಿನಿಮಾ, ಧಾರಾವಾಹಿಗಳಲ್ಲಿ ಇತಿಹಾಸದ ತಪ್ಪುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಯಾವುದನ್ನು ತಪ್ಪು ಅನ್ನಬೇಕು?

ಮೂರು ಬಗೆ ಇವೆ. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಮೊದಲನೆಯದು ಬರೀ ಕಣ್ತಪ್ಪು. ‘ಗ್ಲಾಡಿಯೇಟರ್’ (2000) ಸಿನಿಮಾದ ಅಖಾಡದಲ್ಲಿ ಒಂದು ರಥ ಪಲ್ಟಿ ಹೊಡೆಯುತ್ತದೆ. ಅಲ್ಲಿ ವಿಡಿಯೊ ನಿಲ್ಲಿಸಿ ನೋಡಿ. ಧೂಳಿನ ನಡುವೆ, ರಥದ ಹಿಂಬದಿಯಲ್ಲಿ, ಗ್ಯಾಸ್ ಸಿಲಿಂಡರ್ ಕಾಣುತ್ತದೆ. ರೋಮನ್ನರ ಕಾಲದಲ್ಲಿ ಗ್ಯಾಸ್ ಸಿಲಿಂಡರ್! 2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ನ ಕೊನೆಯ ಸೀಸನ್ನಿನ ನಾಲ್ಕನೇ ಕಂತಿನಲ್ಲಿ ಮೇಜಿನ ಮೇಲೆ ಕಾಫಿ ಕಪ್ ಉಳಿದುಬಿಟ್ಟಿದ್ದೂ ಇದೇ ಜಾತಿ.

ಎರಡನೆಯದು ಯಾರೂ ವಿಚಾರಿಸದೇ ಆಗಿದ್ದು. ‘ರೈಡರ್ಸ್ ಆಫ್ ದ ಲಾಸ್ಟ್ ಆರ್ಕ್’ ಕಥೆ ನಡೆಯುವುದು 1936ರಲ್ಲಿ. ಅದರ ಭೂಪಟದಲ್ಲಿ ಥಾಯ್ಲೆಂಡ್ ಅಂತ ಬರೆದಿದೆ. ಆ ದೇಶದ ಹೆಸರು 1939ರವರೆಗೆ ಸಯಾಮ್. ‘ಬ್ಯಾಕ್ ಟು ದ ಫ್ಯೂಚರ್’ನಲ್ಲಿ ಹುಡುಗ 1955ರ ಡ್ಯಾನ್ಸಿನಲ್ಲಿ ನುಡಿಸುವ ಗಿಬ್ಸನ್ ಗಿಟಾರ್ ಮಾರುಕಟ್ಟೆಗೆ ಬಂದಿದ್ದೇ ಕೆಲವು ವರ್ಷ ಆದಮೇಲೆ.

ಮೂರನೆಯದು ಗೊತ್ತಿದ್ದೂ ಮಾಡಿದ್ದು. ನನಗೆ ತಲೆ ಕೆಡುವುದು ಇದರ ವಿಷಯದಲ್ಲೇ. ಹೆಚ್ಚಿನ ಪ್ರಶ್ನೆಗಳು ಬರುವುದೂ ಇದರ ಬಗ್ಗೆಯೇ.

ಕೋಟಿಗಟ್ಟಲೆ ಖರ್ಚು ಮಾಡಿಯೂ ಸಣ್ಣ ವಸ್ತು ಕಣ್ಣಿಗೆ ಬೀಳುವುದಿಲ್ವಾ?

ಬೀಳುವುದಿಲ್ಲ, ಯಾಕೆಂದರೆ ಆ ಹೊತ್ತಿನಲ್ಲಿ ಎಲ್ಲರೂ ನೋಡುತ್ತಿರುವುದು ನಟರ ಮುಖವನ್ನು. ಒಂದು ದೃಶ್ಯವನ್ನು ಹತ್ತಾರು ಟೇಕ್ ತೆಗೆಯುತ್ತಾರೆ, ಕ್ಯಾಮೆರಾ ಜಾಗ ಬದಲಾಗುತ್ತದೆ, ಊಟದ ಬಿಡುವು ಬರುತ್ತದೆ, ಮತ್ತೆ ಶುರು. ಕಥೆಯ ಕ್ರಮದಲ್ಲಿ ಶೂಟಿಂಗ್ ಮಾಡುವುದೂ ಅಪರೂಪ. ಕೊನೆಯ ದೃಶ್ಯವನ್ನು ಮೊದಲ ವಾರ ತೆಗೆದಿರಬಹುದು. ಇದನ್ನೆಲ್ಲ ಹೊಂದಿಸಿ ನೋಡಲಿಕ್ಕೇ ಸೆಟ್‌ನಲ್ಲಿ ಕಂಟಿನ್ಯುಯಿಟಿ ನೋಡುವವರು ಇರುತ್ತಾರೆ. ಅವರು ಎಷ್ಟೇ ಚುರುಕಾಗಿದ್ದರೂ, ಎಡಿಟಿಂಗ್ ಟೇಬಲ್ಲಿನಲ್ಲಿ ಒಳ್ಳೆಯ ಅಭಿನಯ ಇರುವ ಟೇಕ್ ಗೆಲ್ಲುತ್ತದೆ. ಲೋಟದಲ್ಲಿ ನೀರು ಒಂದು ಇಂಚು ಜಾಸ್ತಿ ಇದೆ ಅಂತ ಯಾರೂ ಆ ಟೇಕ್ ಬಿಸಾಡುವುದಿಲ್ಲ. ಬಿಸಾಡಲೂಬಾರದು.

ಇನ್ನೊಂದು ಕಾರಣ ತಾಂತ್ರಿಕ. ಹಳೆಯ ಧಾರಾವಾಹಿಗಳನ್ನು ಚೌಕ ಪರದೆಗೆಂದು ತೆಗೆದಿದ್ದರು. ಈಗ ಅಗಲ ಪರದೆಗೆ ಹಿಗ್ಗಿಸಿದಾಗ, ಅಂಚಿನಲ್ಲಿ ಅಡಗಿದ್ದ ಲೈಟು, ವೈರು, ಕೆಲವು ಸಲ ಸಿಬ್ಬಂದಿಯೇ ಕಾಣಿಸಿಕೊಳ್ಳುತ್ತಾರೆ. ಅದು ಮೂಲದವರ ತಪ್ಪಲ್ಲ.

ಇತಿಹಾಸವನ್ನು ಅತಿ ಜಾಸ್ತಿ ತಿರುಚಿದ ಸಿನಿಮಾ ಯಾವುದು?

ಪೈಪೋಟಿ ಬಿಗಿಯಾಗಿದೆ. ನನ್ನನ್ನು ಕೇಳಿದರೆ ‘ಬ್ರೇವ್‌ಹಾರ್ಟ್’ (1995), ಇಂಗ್ಲೆಂಡಿನ ವಿರುದ್ಧ ಹೋರಾಡಿದ ಸ್ಕಾಟ್‌ಲೆಂಡಿನ ವಿಲಿಯಂ ವ್ಯಾಲೇಸ್‌ನ ಕಥೆ. ಆಸ್ಕರ್‌ನಲ್ಲಿ ಅತ್ಯುತ್ತಮ ಚಿತ್ರ ಅನ್ನಿಸಿಕೊಂಡ ಸಿನಿಮಾ. ನೋಡಿದರೆ ಮೈ ಜುಮ್ ಅನ್ನುತ್ತದೆ, ಅದನ್ನು ಒಪ್ಪುತ್ತೇನೆ.

ಆದರೆ 1297ರ ಸ್ಟರ್ಲಿಂಗ್ ಸೇತುವೆಯ ಕದನವನ್ನು ಸೇತುವೆಯೇ ಇಲ್ಲದೆ ತೋರಿಸಿದ್ದಾರೆ. ಸುಮ್ನೆ ಯೋಚಿಸಿ. ಆ ಯುದ್ಧ ಗೆದ್ದಿದ್ದೇ ಸೇತುವೆಯಿಂದ. ಮರದ ಕಿರಿದಾದ ಸೇತುವೆ. ಕುದುರೆ ಸವಾರರು ಒಂದೇ ಸಲ ಬೆರಳೆಣಿಕೆಯಷ್ಟು ಮಂದಿ ಮಾತ್ರ ದಾಟಬಹುದಿತ್ತು. ಇಂಗ್ಲಿಷ್ ಸೈನ್ಯದ ಒಂದು ಪಾಲು ದಾಟಿ ಬರುವವರೆಗೂ ಸ್ಕಾಟ್ ಸೈನಿಕರು ಎತ್ತರದಲ್ಲಿ ಉಸಿರು ಬಿಗಿಹಿಡಿದು ಕಾದರು. ಆಮೇಲೆ ಇಳಿದು ಬಂದು ಸೇತುವೆಯ ತುದಿಯನ್ನೇ ಹಿಡಿದರು. ದಾಟಿದವರು ಹಿಂದಕ್ಕೆ ಹೋಗುವಂತಿಲ್ಲ, ಆಚೆ ದಡದಲ್ಲಿ ಉಳಿದವರು ನೆರವಿಗೆ ಬರುವಂತಿಲ್ಲ. ಸಿನಿಮಾದ ಬಯಲು ಕಾದಾಟಕ್ಕಿಂತ ಇದು ಎಷ್ಟು ರೋಚಕವಾಗಿದೆ! ನಿಜವನ್ನು ಬಿಟ್ಟು ಕಳೆದುಕೊಂಡಿದ್ದು ಇದನ್ನೇ. ಆ ದಿನ ವ್ಯಾಲೇಸ್ ಜೊತೆ ಸಮಸಮ ನಿಂತು ಸೈನ್ಯ ನಡೆಸಿದ ಆಂಡ್ರ್ಯೂ ಮೊರೆ ಸಿನಿಮಾದಲ್ಲಿ ಇಲ್ಲವೇ ಇಲ್ಲ.

ಮುಂದೆ ಇಂಗ್ಲೆಂಡಿನ ರಾಣಿಯಾದ ಇಸಬೆಲ್ಲಾಳ ಜೊತೆ ವ್ಯಾಲೇಸ್‌ನ ಪ್ರೇಮ ಅಂತೂ ಆಗುವ ಮಾತೇ ಅಲ್ಲ. ವ್ಯಾಲೇಸ್‌ಗೆ ಮರಣದಂಡನೆ ಆಗಿದ್ದು 1305ರಲ್ಲಿ. ಆಗ ಆಕೆ ಫ್ರಾನ್ಸಿನಲ್ಲಿದ್ದ ಸುಮಾರು 10 ವರ್ಷದ ಮಗು. ಮದುವೆಯಾಗಿ ಇಂಗ್ಲೆಂಡಿಗೆ ಬಂದಿದ್ದು 1308ರಲ್ಲಿ. ಅವಳ ಹೊಟ್ಟೆಯಲ್ಲಿ ವ್ಯಾಲೇಸ್‌ನ ಮಗು ಇದೆ ಎಂಬ ಸುಳಿವು ಬೇರೆ. ಆಕೆಯ ಹಿರಿಯ ಮಗ ಹುಟ್ಟಿದ್ದು 1312ರಲ್ಲಿ. ಇನ್ನು ಸಿನಿಮಾದ ಸ್ಕಾಟ್ ಸೈನಿಕರು ಸೊಂಟಕ್ಕೆ ಸುತ್ತಿದ ಆ ಕಿಲ್ಟ್ ಬಳಕೆಗೆ ಬರುವುದಕ್ಕೆ ಇನ್ನೂ ಇನ್ನೂರೈವತ್ತು ವರ್ಷಕ್ಕೂ ಹೆಚ್ಚು ಬಾಕಿ ಇತ್ತು.

ಗೊತ್ತಿದ್ದೂ ಯಾಕೆ ಬದಲಾಯಿಸುತ್ತಾರೆ?

ಕೆಲವು ಸಲ ನ್ಯಾಯವಾದ ಕಾರಣ ಇರುತ್ತದೆ. 1986ರ ಅಣುಸ್ಥಾವರ ಅಪಘಾತದ ಮೇಲಿನ ‘ಚೆರ್ನೋಬಿಲ್’ (2019) ಸರಣಿಯ ವಿಜ್ಞಾನಿ ಉಲಾನಾ ಖೋಮ್ಯುಕ್ ಎಂಬ ಹೆಂಗಸು ಇರಲೇ ಇಲ್ಲ. ಆ ಅಪಘಾತದ ತನಿಖೆಯಲ್ಲಿದ್ದ ಸೋವಿಯತ್ ವಿಜ್ಞಾನಿ ಲೆಗಾಸೊವ್ ಜೊತೆ ದುಡಿದ ಅನೇಕ ವಿಜ್ಞಾನಿಗಳನ್ನು ಒಬ್ಬಳಲ್ಲಿ ಸೇರಿಸಿದ್ದಾರೆ. ಕೊನೆಯ ಕಂತಿನಲ್ಲಿ ಇದನ್ನು ಬರೆದು ತಿಳಿಸಿದ್ದಾರೆ ಕೂಡ. ಹೀಗೆ ಮಾಡಿದರೆ ನನ್ನ ತಕರಾರು ಇಲ್ಲ. ಹತ್ತಾರು ಮುಖಗಳನ್ನು ಐದು ಕಂತಿನಲ್ಲಿ ಪರಿಚಯಿಸುವುದು ಯಾರಿಂದಲೂ ಆಗದ ಕೆಲಸ.

ಅದೇ ಸರಣಿಯಲ್ಲಿ ಅಪಘಾತದ ಮೊದಲ ದಿನಗಳಲ್ಲೇ ಹೆಲಿಕಾಪ್ಟರ್ ಒಂದು ರಿಯಾಕ್ಟರ್ ಬಳಿ ಬೀಳುತ್ತದೆ. ನೋಡಿದವರಿಗೆ ವಿಕಿರಣದಿಂದಲೇ ಬಿತ್ತು ಅನಿಸುತ್ತದೆ. ನಿಜವಾಗಿ ಅದು ಬಿದ್ದಿದ್ದು ಐದು ತಿಂಗಳ ನಂತರ, 1986ರ ಅಕ್ಟೋಬರ್ 2ರಂದು, ಕ್ರೇನಿನ ಕೇಬಲ್‌ಗೆ ರೆಕ್ಕೆ ತಾಗಿ. ಕೋರ್ಟ್ ದೃಶ್ಯದಲ್ಲಿ ಎಲ್ಲವನ್ನೂ ಬಿಡಿಸಿ ಹೇಳುವ ಲೆಗಾಸೊವ್ ಆ ವಿಚಾರಣೆಗೆ ಹೋಗಿರಲೇ ಇಲ್ಲ.

‘ದ ಮಾರ್ಷಿಯನ್’ (2015) ಶುರುವಾಗುವುದೇ ದೊಡ್ಡ ಬಿರುಗಾಳಿಯಿಂದ. ಮಂಗಳನ ವಾತಾವರಣದ ಒತ್ತಡ ಭೂಮಿಯದರ ಶೇಕಡಾ 1ಕ್ಕಿಂತ ಕಡಿಮೆ. ಅಲ್ಲಿ ಗಾಳಿ ಎಷ್ಟೇ ಜೋರಾಗಿ ಬೀಸಿದರೂ ರಾಕೆಟ್ ಅಲ್ಲಾಡಿಸುವಷ್ಟು ಬಲ ಬರುವುದಿಲ್ಲ. ಮೂಲ ಕಾದಂಬರಿ ಬರೆದ ಆಂಡಿ ವಿಯರ್ ಇದನ್ನು ಗೊತ್ತಿದ್ದೇ ಮಾಡಿದ್ದು ಅಂತ ನೇರವಾಗಿ ಒಪ್ಪಿಕೊಂಡಿದ್ದಾರೆ. ಹಾಗೆ ಒಪ್ಪಿಕೊಂಡವರ ಮೇಲೆ ನನಗೆ ಗೌರವ ಜಾಸ್ತಿ.

ಹಾಗಾದರೆ ಯಾವ ತಪ್ಪನ್ನು ಬಿಡಬಾರದು?

ನಿಜವಾಗಿ ಬದುಕಿದ್ದ ಒಬ್ಬ ಮನುಷ್ಯನ ಮೇಲೆ, ಅವನು ಮಾಡಿದ ಅಂತ ಯಾರೂ ತೋರಿಸಿಕೊಡಲಾಗದ ಕೆಟ್ಟ ಕೆಲಸವನ್ನು ಹೊರಿಸುವುದು. ಇದು ನನ್ನ ಗಟ್ಟಿ ಅಭಿಪ್ರಾಯ.

‘ಟೈಟಾನಿಕ್’ (1997) ನೋಡಿದವರಿಗೆ ಫಸ್ಟ್ ಆಫೀಸರ್ ಮರ್ಡಾಕ್ ನೆನಪಿರುತ್ತಾನೆ. ಲಂಚ ತೆಗೆದುಕೊಳ್ಳುತ್ತಾನೆ. ನೂಕುನುಗ್ಗಲಿನಲ್ಲಿ ಪ್ರಯಾಣಿಕರಿಗೆ ಗುಂಡು ಹೊಡೆಯುತ್ತಾನೆ. ಆಮೇಲೆ ಸೆಲ್ಯೂಟ್ ಮಾಡಿ ತನಗೇ ಹೊಡೆದುಕೊಳ್ಳುತ್ತಾನೆ. ಇವನು ಕಲ್ಪನೆಯ ಪಾತ್ರ ಅಲ್ಲ. ವಿಲಿಯಂ ಮರ್ಡಾಕ್ ಸ್ಕಾಟ್‌ಲೆಂಡಿನ ಡಲ್‌ಬೀಟಿ ಎಂಬ ಪುಟ್ಟ ಊರಿನವನು. ಆ ರಾತ್ರಿ ದೋಣಿಗಳಿಗೆ ಜನರನ್ನು ಹತ್ತಿಸುತ್ತಲೇ ಇದ್ದು, ಹಡಗಿನ ಜೊತೆಗೇ ಹೋದ. ಯಾರೋ ಒಬ್ಬ ಅಧಿಕಾರಿ ಗುಂಡು ಹೊಡೆದುಕೊಂಡ ಅಂತ ಬದುಕಿ ಬಂದ ಕೆಲವರು ಹೇಳಿದ್ದು ಹೌದು. ಆದರೆ ಅದು ಮರ್ಡಾಕ್ ಅನ್ನಲು ಗಟ್ಟಿ ಆಧಾರ ಇಲ್ಲ. ಊರಿನವರಿಗೆ ಅವನು ಹೆಮ್ಮೆಯ ಮನುಷ್ಯ. ಅವನ ನೆನಪಿನಲ್ಲಿ ಅಲ್ಲಿನ ಶಾಲೆಯಲ್ಲಿ ಬಹುಮಾನ ಕೊಡುತ್ತಾರೆ. ಸಿನಿಮಾ ಬಂದಾಗ ಅವರು, ಅವನ ಸಂಬಂಧಿಕರು ಸುಮ್ಮನೆ ಕೂರಲಿಲ್ಲ. 1998ರಲ್ಲಿ ಸ್ಟುಡಿಯೋದ ಹಿರಿಯ ಅಧಿಕಾರಿಯೊಬ್ಬರು ಆ ಊರಿಗೇ ಹೋಗಿ ಕ್ಷಮೆ ಕೇಳಿದರು. ಬಹುಮಾನದ ನಿಧಿಗೆ 5,000 ಪೌಂಡ್ ಕೊಟ್ಟರು.

ಆದರೆ ಸಿನಿಮಾ ನೋಡಿದ ಕೋಟ್ಯಂತರ ಜನರಲ್ಲಿ ಆ ಕ್ಷಮೆಯ ಸುದ್ದಿ ಓದಿದವರು ಎಷ್ಟು?

ಮೊಜಾರ್ಟ್ ಕಾಲದ ಸಂಗೀತಗಾರ ಸಾಲಿಯೇರಿಯ ಕಥೆಯೂ ಇಂಥದ್ದೇ. ‘ಅಮೇಡಿಯಸ್’ (1984) ನೋಡಿದ ಮೇಲೆ ನಾನು ಎಷ್ಟೋ ವರ್ಷ ಆತನನ್ನು ಹೊಟ್ಟೆಕಿಚ್ಚಿನ ಸಾಧಾರಣ ಸಂಗೀತಗಾರ, ಮೊಜಾರ್ಟ್ ಸಾವಿಗೆ ಕಾರಣನಾದವನು ಅಂತಲೇ ನಂಬಿದ್ದೆ. ಬೀಥೊವನ್, ಶುಬರ್ಟ್, ಲಿಸ್ಟ್ ಮೂವರೂ ಆತನ ಹತ್ತಿರ ಪಾಠ ಹೇಳಿಸಿಕೊಂಡವರು. ಮೊಜಾರ್ಟ್‌ನ ಮಗನಿಗೂ ಆತನೇ ಮೇಷ್ಟ್ರು. ತಂದೆಯನ್ನು ಕೊಂದವನ ಹತ್ತಿರ ಮಗನನ್ನು ಪಾಠಕ್ಕೆ ಕಳಿಸುತ್ತಾರಾ? ಆತ ಮೊಜಾರ್ಟ್‌ಗೆ ವಿಷ ಹಾಕಿದ ಎಂಬ ಗಾಳಿಸುದ್ದಿ ಹಳೆಯದು. 1830ರಲ್ಲಿ ರಷ್ಯದ ಕವಿ ಪುಷ್ಕಿನ್ ಅದರ ಮೇಲೆ ಸಣ್ಣ ನಾಟಕ ಬರೆದ. ಸಿನಿಮಾ ಅದನ್ನು ಮನೆಮನೆಗೆ ತಲುಪಿಸಿತು.

ಒಬ್ಬರು ಮಾಡಿದ ಸಾಹಸವನ್ನು ಇನ್ನೊಬ್ಬರ ಹೆಸರಿಗೆ ಬರೆಯುವುದೂ ಅಷ್ಟೇ ಕೆಟ್ಟದ್ದು. ‘ಯು-571’ (2000) ಸಿನಿಮಾದಲ್ಲಿ ಅಮೆರಿಕದ ನಾವಿಕರು ಜರ್ಮನ್ ಜಲಾಂತರ್ಗಾಮಿಯಿಂದ ಎನಿಗ್ಮಾ ಎಂಬ ರಹಸ್ಯ ಸಂದೇಶದ ಯಂತ್ರ ಕಿತ್ತುಕೊಳ್ಳುತ್ತಾರೆ. ನಿಜದಲ್ಲಿ ಬ್ರಿಟನ್ನಿನ ಬುಲ್‌ಡಾಗ್ ಹಡಗಿನವರು 1941ರ ಮೇ 9ರಂದು ಯು-110ರೊಳಗೆ ಇಳಿದು ಅದನ್ನು ತಂದರು. ಆಗ ಅಮೆರಿಕ ಯುದ್ಧಕ್ಕೇ ಇಳಿದಿರಲಿಲ್ಲ. ಬ್ರಿಟನ್ನಿನ ಸಂಸತ್ತಿನಲ್ಲಿ ಈ ವಿಷಯ ಎದ್ದಿತ್ತು. ಚಿತ್ರಕಥೆ ಬರೆದವರಲ್ಲಿ ಒಬ್ಬರಾದ ಡೇವಿಡ್ ಏಯರ್ ಮುಂದೆ ಇದಕ್ಕೆ ಬೇಸರ ವ್ಯಕ್ತಪಡಿಸಿದರು.

‘ನಿಜ ಘಟನೆ ಆಧಾರಿತ’ ಅಂತ ಬರೆದರೆ ನಂಬಬಹುದಾ?

ಆ ಸಾಲಿಗೆ ಗೊತ್ತಾದ ಅಳತೆ ಇಲ್ಲ. ‘ಫಾರ್ಗೋ’ (1996) ‘ಇದು ನಿಜ ಕಥೆ’ ಅಂತಲೇ ಶುರುವಾಗುತ್ತದೆ, ಆದರೆ ಕಥೆ ಕಟ್ಟಿದ್ದು. ಹೆಸರು ನಿಜ, ಊರು ನಿಜ, ಉಳಿದದ್ದೆಲ್ಲ ಕಲ್ಪನೆ ಆಗಿರಬಹುದು. ‘ಜೋಧಾ ಅಕ್ಬರ್’ (2008) ನೋಡಿ. ಅಕ್ಬರನ ರಜಪೂತ ರಾಣಿ ಇದ್ದದ್ದು ನಿಜ, ಮರಿಯಂ-ಉಜ಼್-ಜ಼ಮಾನಿ ಎಂಬ ಬಿರುದೂ ನಿಜ. ‘ಜೋಧಾ’ ಎಂಬ ಹೆಸರು ಮಾತ್ರ ಅಬುಲ್ ಫಜ಼ಲನ ‘ಅಕ್ಬರ್‌ನಾಮಾ’ದಲ್ಲಿ ಇಲ್ಲ.

ವೈಕಿಂಗರ (ಉತ್ತರ ಯುರೋಪಿನ ಹಳೆಯ ಕಡಲ ಯೋಧರ) ಕೊಂಬಿನ ಶಿರಸ್ತ್ರಾಣ ಕೂಡ ಸುಳ್ಳಾ?

ಹೌದು. ಇದಕ್ಕೆ ಸಿನಿಮಾಗಿಂತ ಮೊದಲು ರಂಗಭೂಮಿಯೇ ಕಾರಣ. 1876ರಲ್ಲಿ ಜರ್ಮನಿಯ ಬೈರೋಯ್ಟ್‌ನಲ್ಲಿ ಸಂಗೀತಗಾರ ವ್ಯಾಗ್ನರ್‌ನ ಆಪೆರಾಗೆ (ಹಾಡಿನ ನಾಟಕಕ್ಕೆ) ವೇಷಭೂಷಣ ಮಾಡಿದ ಕಾರ್ಲ್ ಎಮಿಲ್ ಡೋಪ್ಲರ್ ಕೊಂಬು ಇಟ್ಟ. ಅದೇ ಉಳಿಯಿತು. 1943ರಲ್ಲಿ ನಾರ್ವೆಯ ಯೆರ್ಮುಂಡ್‌ಬು ಎಂಬಲ್ಲಿ ನಿಜವಾದ ವೈಕಿಂಗ್ ಶಿರಸ್ತ್ರಾಣ ಸಿಕ್ಕಿತು. ದುಂಡನೆಯ ಕಬ್ಬಿಣದ ಟೋಪಿ, ಕಣ್ಣಿನ ಸುತ್ತ ಕನ್ನಡಕದಂಥ ಕಾಪು. ಕೊಂಬಿನ ಸುಳಿವೇ ಇಲ್ಲ.

ರೋಮ್‌ನ ಅಖಾಡದಲ್ಲಿ ಕಾದಾಡುವ ಗ್ಲಾಡಿಯೇಟರ್‌ಗಳಿಗೆ ಹೆಬ್ಬೆರಳು ಕೆಳಗೆ ಮಾಡಿ ಸಾವು ವಿಧಿಸುವುದೂ ಹಾಗೇ, ಅದು ಜನಪ್ರಿಯವಾಗಿದ್ದು 1872ರಲ್ಲಿ ಜೆರೋಮ್ ಎಂಬ ಫ್ರೆಂಚ್ ಕಲಾವಿದ ಬರೆದ ಚಿತ್ರದಿಂದ. ರೋಮನ್ ಬರಹಗಳಲ್ಲಿ ‘ತಿರುಗಿಸಿದ ಹೆಬ್ಬೆರಳು’ ಅಂತಷ್ಟೇ ಇದೆ. ಯಾವ ಕಡೆಗೆ ಅಂತ ಇಲ್ಲ. ಪಿರಮಿಡ್ ಕಟ್ಟುವ ಗುಲಾಮರ ಬೆನ್ನಿಗೆ ಚಾಟಿ ಬೀಸುವುದನ್ನೂ ನೋಡಿರುತ್ತೀರಿ. ಗಿಜಾದಲ್ಲಿ 1990ರಿಂದ ಆ ಕೆಲಸಗಾರರ ಸಮಾಧಿಗಳೇ ಸಿಕ್ಕಿವೆ, ಪಿರಮಿಡ್ಡಿನ ಪಕ್ಕದಲ್ಲೇ, ಮರ್ಯಾದೆಯಿಂದ ಹೂಳಿದ್ದು. ಗುಲಾಮರನ್ನು ಅಲ್ಲಿ ಹಾಗೆ ಹೂಳುತ್ತಿರಲಿಲ್ಲ.

ವಿಜ್ಞಾನದ ತಪ್ಪುಗಳಲ್ಲಿ ಯಾವುದು ದೊಡ್ಡದು?

ಬಾಹ್ಯಾಕಾಶದಲ್ಲಿ ಸ್ಫೋಟದ ಸದ್ದು ಕೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. ಸೈಲೆನ್ಸರ್ ಹಾಕಿದ ಬಂದೂಕು ಪಿಸುಗುಟ್ಟುವುದಿಲ್ಲ, ಸದ್ದು ಸುಮಾರು 20ರಿಂದ 35 ಡೆಸಿಬಲ್ ಇಳಿಯುತ್ತದೆ ಅಷ್ಟೆ. ಇವುಗಳಿಂದ ಯಾರಿಗೂ ನಷ್ಟವಿಲ್ಲ.

ನನಗೆ ಚಿಂತೆ ಆಗುವುದು ಆಸ್ಪತ್ರೆ ದೃಶ್ಯಗಳ ಬಗ್ಗೆ. ಮಾನಿಟರ್‌ನಲ್ಲಿ ಗೆರೆ ನೇರವಾಗುತ್ತದೆ, ಉದ್ದಕ್ಕೆ ಒಂದೇ ಸದ್ದು, ಡಾಕ್ಟರ್ ಎದೆಗೆ ಶಾಕ್ ಕೊಡುತ್ತಾರೆ, ರೋಗಿ ಎದ್ದು ಕೂರುತ್ತಾನೆ. ಗೆರೆ ನೇರವಾದಾಗ ಶಾಕ್ ಕೆಲಸ ಮಾಡುವುದಿಲ್ಲ. ಹೃದಯ ಲಯ ತಪ್ಪಿ ಅದುರುತ್ತಿದ್ದರೆ, ಆ ಅದುರನ್ನು ನಿಲ್ಲಿಸಲು ಶಾಕ್. ಪೂರ್ತಿ ನಿಂತಿದ್ದರೆ ಎದೆ ಒತ್ತಬೇಕು, ಅಡ್ರಿನಲಿನ್ ಕೊಡಬೇಕು.

ಎದೆ ಒತ್ತುವುದನ್ನೂ ತಪ್ಪಾಗಿ ತೋರಿಸುತ್ತಾರೆ. ನಟನ ಮೊಣಕೈ ಗಮನಿಸಿ, ಮಡಚಿಕೊಂಡಿರುತ್ತದೆ. ಕೆಳಗೆ ಮಲಗಿರುವ ಜೀವಂತ ಮನುಷ್ಯನ ಎದೆಯನ್ನು ನಿಜವಾಗಿ ಒತ್ತುವಂತಿಲ್ಲವಲ್ಲ. ಹೀಗೆ ನೋಡಿ ನೋಡಿ ನಮ್ಮ ಕಣ್ಣಿಗೆ ಅದೇ ಸರಿ ಅನಿಸಿಬಿಟ್ಟಿದೆ. ಮೊಣಕೈ ನೆಟ್ಟಗೆ ಇರಬೇಕು. ದೊಡ್ಡವರಾದರೆ ಎದೆ ಕನಿಷ್ಠ 5 ಸೆಂಟಿಮೀಟರ್ ಒಳಗೆ ಹೋಗಬೇಕು, ನಿಮಿಷಕ್ಕೆ 100ರಿಂದ 120 ಸಲ. 1996ರಲ್ಲಿ ಅಮೆರಿಕದ ಮೂರು ಟಿವಿ ಕಾರ್ಯಕ್ರಮಗಳನ್ನು ವೈದ್ಯರು ಕೂತು ನೋಡಿ ಲೆಕ್ಕ ಹಾಕಿದರು. ಎದೆ ಒತ್ತಿದವರಲ್ಲಿ ಶೇಕಡಾ 75 ಮಂದಿ ಆ ಕ್ಷಣಕ್ಕೆ ಬದುಕಿದರು. ನಿಜ ಜೀವನದಲ್ಲಿ, ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಹೋಗುವವರು ಅಮೆರಿಕದಲ್ಲೂ 100ಕ್ಕೆ ಸುಮಾರು 10 ಜನ. ಆದರೂ ಒತ್ತಲೇಬೇಕು, ಒತ್ತದಿದ್ದರೆ ಆ ಹತ್ತೂ ಉಳಿಯುವುದಿಲ್ಲ. ಟಿವಿಯ ಲೆಕ್ಕ ನಂಬಿದ ಮನೆಯವರು ಮಾತ್ರ, ಅಯ್ಯೋ, ನಮ್ಮವರಿಗೆ ಸರಿಯಾಗಿ ನೋಡಲಿಲ್ಲ ಅಂತ ಕೊರಗುತ್ತಾರೆ.

ಚುಚ್ಚಿಕೊಂಡ ಚಾಕುವನ್ನು ಹೀರೋ ಕಿತ್ತೆಸೆಯುತ್ತಾನಲ್ಲ, ಅದನ್ನಂತೂ ಯಾರೂ ಮಾಡಬೇಡಿ. ಆ ಚಾಕುವೇ ರಕ್ತವನ್ನು ತಡೆದು ನಿಲ್ಲಿಸಿರಬಹುದು.

ಡಾಕ್ಯುಮೆಂಟರಿಗಳಲ್ಲಾದರೂ ಎಲ್ಲ ನಿಜ ಇರುತ್ತದೆ ಅಲ್ವಾ?

ಲೆಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ಗುಂಪಾಗಿ ಸಮುದ್ರಕ್ಕೆ ಹಾರಿ ಸಾಯುತ್ತವೆ ಅಂತ ಕೇಳಿದ್ದೀರಾ? ಅದನ್ನು ಗಟ್ಟಿಯಾಗಿ ನಂಬಿಸಿದ್ದು 1958ರ ಡಿಸ್ನಿ ಡಾಕ್ಯುಮೆಂಟರಿ ‘ವೈಟ್ ವೈಲ್ಡರ್‌ನೆಸ್’. ಆಸ್ಕರ್ ಕೂಡ ಬಂತು. ಚಿತ್ರೀಕರಣ ಆಗಿದ್ದು ಕೆನಡಾದ ಆಲ್ಬರ್ಟಾದಲ್ಲಿ. ಆ ಪ್ರಾಂತ್ಯಕ್ಕೆ ಸಮುದ್ರವೇ ಇಲ್ಲ. ಬೇರೆ ಕಡೆಯಿಂದ ಲೆಮಿಂಗ್‌ಗಳನ್ನು ತರಿಸಿ, ತಿರುಗುವ ಹಲಗೆಯ ಮೇಲೆ ಓಡಿಸಿ ದೊಡ್ಡ ಗುಂಪಿನ ಹಾಗೆ ತೋರಿಸಿ, ಕೊನೆಗೆ ಬಂಡೆಯ ಅಂಚಿನಿಂದ ನದಿಗೆ ತಳ್ಳಿದರು. ನೋಡುವವರಿಗೆ ಅದು ಆರ್ಕ್ಟಿಕ್ ಸಮುದ್ರ. 1982ರಲ್ಲಿ ಕೆನಡಾದ ಸಿಬಿಸಿ ವಾಹಿನಿ ಇದನ್ನು ಬಯಲಿಗೆಳೆಯಿತು. ಅಷ್ಟರಲ್ಲಿ ‘ಲೆಮಿಂಗ್‌ಗಳ ಹಾಗೆ’ (ಕಣ್ಣುಮುಚ್ಚಿ ಗುಂಪಿನ ಹಿಂದೆ ಹೋಗುವುದು) ಎಂಬ ಮಾತಿಗೆ ಅದು ಒಳ್ಳೆಯ ಆಸರೆ ಕೊಟ್ಟಾಗಿತ್ತು. ಹೆದರಿದ ಮೂಕ ಪ್ರಾಣಿಗಳನ್ನು ತಳ್ಳಿ, ತಾವೇ ಹಾರಿದವು ಅಂತ ಹೇಳಿದ್ದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ತಪ್ಪು ಅಂತ ಹೇಳುವುದೇ ತಪ್ಪಾಗಿರಬಹುದಾ?

ಎಷ್ಟೋ ಸಲ. ‘ಬೆನ್-ಹರ್’ (1959) ರಥದ ಓಟದಲ್ಲಿ ಚಾರ್ಲ್ಟನ್ ಹೆಸ್ಟನ್ ಕೈಗಡಿಯಾರ ಕಟ್ಟಿದ್ದ ಅಂತ ಹೇಳುತ್ತಾರೆ. ಆತ ತೊಟ್ಟಿದ್ದು ಚರ್ಮದ ಕೈಪಟ್ಟಿ, ಕೈಗಡಿಯಾರ ಕಟ್ಟಲು ಜಾಗವೇ ಇಲ್ಲ. ಆ ಓಟದ ಚಿತ್ರೀಕರಣದಲ್ಲಿ ಸ್ಟಂಟ್‌ಮ್ಯಾನ್ ಒಬ್ಬ ಸತ್ತ ಎಂಬುದೂ ಕಟ್ಟುಕಥೆ.

ಇನ್ನು ಕೆಲವು ನಿಜವೇ ನಮಗೆ ಸುಳ್ಳಿನ ಹಾಗೆ ಕಾಣುತ್ತವೆ. ಟಿಫನಿ ಎಂಬ ಹೆಸರು ಮಧ್ಯಯುಗದ ಯುರೋಪಿನಲ್ಲಿ ಇತ್ತು. ಆದರೆ ಆ ಕಾಲದ ಕಥೆಯಲ್ಲಿ ನಾಯಕಿಗೆ ಆ ಹೆಸರಿಟ್ಟರೆ ನೋಡುವವರು ಒಪ್ಪುವುದಿಲ್ಲ. ಗ್ರೀಕರ, ರೋಮನ್ನರ ಅಮೃತಶಿಲೆ ಮೂರ್ತಿಗಳಿಗೆ ಗಾಢ ಬಣ್ಣ ಬಳಿದಿರುತ್ತಿದ್ದರು. ಬಣ್ಣ ಉದುರಿ ಬಿಳಿ ಉಳಿಯಿತು, ಸಿನಿಮಾದ ರೋಮ್ ಕೂಡ ಬಿಳಿಯಾಯಿತು. ಬಣ್ಣ ಹಚ್ಚಿ ತೋರಿಸಿದರೆ ನಾವೇ ದೂರುತ್ತೇವೆ. ಹಾಗಾಗಿ ಬೆರಳು ತೋರಿಸುವ ಮೊದಲು ಎರಡು ಸಲ ನೋಡಿ.

ಹಳೆಯ ಕಾಲದವರು ಇವತ್ತಿನ ಭಾಷೆ ಆಡುವುದು ತಪ್ಪಲ್ವಾ?

ಅಲ್ಲ. ಹತ್ತನೇ ಶತಮಾನದ ಕನ್ನಡವನ್ನು ಹಾಗೇ ಆಡಿಸಿದರೆ ಕನ್ನಡಿಗರಿಗೇ ಸಬ್‌ಟೈಟಲ್ ಬೇಕಾಗುತ್ತದೆ. ಮಾತು ಅರ್ಥವಾಗಬೇಕು. ಆದರೆ ಆ ಕಾಲದವರಿಗೆ ಹೊಳೆಯಲಾರದ ಯೋಚನೆಯನ್ನು ಅವರ ಬಾಯಲ್ಲಿ ತುರುಕಿದರೆ ಅದು ತಪ್ಪು.

ಕಥೆ ಅಂತ ಎಲ್ಲರಿಗೂ ಗೊತ್ತು. ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಗೊತ್ತಿದ್ದರೂ ನೆನಪು ಮೋಸ ಮಾಡುತ್ತದೆ. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಇತಿಹಾಸದ ಸರಿಯಾದ ಪಾಠ ಓದಲು ಕೊಟ್ಟರು, ಅದೇ ವಿಷಯದ ಸಿನಿಮಾ ತುಣುಕನ್ನೂ ತೋರಿಸಿದರು. ಎರಡೂ ಒಂದಕ್ಕೊಂದು ಹೊಂದದ ಕಡೆ, ಸುಮಾರು ಅರ್ಧದಷ್ಟು ಸಲ ವಿದ್ಯಾರ್ಥಿಗಳು ಸಿನಿಮಾದ ತಪ್ಪನ್ನೇ ಉತ್ತರವಾಗಿ ಬರೆದರು. ಪುಸ್ತಕದಲ್ಲಿ ಓದಿದ್ದೇವೆ ಅಂತಲೇ ನಂಬಿದ್ದರು. ‘ಸಿನಿಮಾದಲ್ಲಿ ತಪ್ಪುಗಳಿವೆ, ಹುಷಾರು’ ಅಂತ ಸುಮ್ನೆ ಹೇಳಿದ್ದು ಉಪಯೋಗಕ್ಕೆ ಬರಲಿಲ್ಲ. ‘ಇಂಥ ದೃಶ್ಯದಲ್ಲಿ ಇಂಥದ್ದು ತಪ್ಪು’ ಅಂತ ಬೆರಳಿಟ್ಟು ತೋರಿಸಿದಾಗ ತಪ್ಪು ಕಡಿಮೆಯಾಯಿತು.

ಮೇಷ್ಟ್ರುಗಳೇ, ಅಪ್ಪ ಅಮ್ಮಂದಿರೇ, ಸಿನಿಮಾ ತೋರಿಸುವುದನ್ನು ನಿಲ್ಲಿಸಬೇಡಿ. ಮಕ್ಕಳಿಗೆ ಇತಿಹಾಸದ ಹುಚ್ಚು ಹತ್ತುವುದೇ ಅದರಿಂದ. ಒಂದೆರಡು ಕಡೆ ವಿಡಿಯೊ ನಿಲ್ಲಿಸಿ ಮಾತಾಡಿ, ಸಾಕು.

ನಾನೇ ಪರೀಕ್ಷೆ ಮಾಡುವುದು ಹೇಗೆ?

ದಿನಾಂಕದಿಂದ ಶುರು ಮಾಡಿ. ಇಬ್ಬರು ಭೇಟಿಯಾದರು ಅಂತ ತೋರಿಸಿದರೆ ಇಬ್ಬರೂ ಹುಟ್ಟಿದ, ಸತ್ತ ವರ್ಷ ನೋಡಿ. ಇಸಬೆಲ್ಲಾಳ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಖಳನಾಯಕನನ್ನು ನೋಡಿ, ಯಾಕೆಂದರೆ ತಿರುಚುವುದು ಜಾಸ್ತಿ ಆಗುವುದು ಅಲ್ಲೇ. ಸಿನಿಮಾ ಯಾರನ್ನು ಬಿಟ್ಟಿದೆ ಅಂತಲೂ ಹುಡುಕಿ. ಆಂಡ್ರ್ಯೂ ಮೊರೆಯಂಥವರು ಪರದೆಯ ಮೇಲೆ ಇಲ್ಲದಿರುವುದು ತಾನಾಗಿ ಕಣ್ಣಿಗೆ ಬೀಳುವುದಿಲ್ಲ.

ತಪ್ಪು ತೋರಿಸಿದರೆ ತಿದ್ದುತ್ತಾರಾ?

ಕೆಲವು ಸಲ. ‘ಗೇಮ್ ಆಫ್ ಥ್ರೋನ್ಸ್’ನ ಕಪ್ಪನ್ನು ಕೆಲವೇ ದಿನಗಳಲ್ಲಿ ಕಂಪ್ಯೂಟರ್‌ನಲ್ಲಿ ಅಳಿಸಿದರು.

‘ಟೈಟಾನಿಕ್’ನಲ್ಲಿ ನಾಯಕಿ ರೋಸ್ ಹಲಗೆಯ ಮೇಲೆ ಮಲಗಿ ಆಕಾಶ ನೋಡುವ ದೃಶ್ಯ ಇದೆ. ಅಲ್ಲಿನ ನಕ್ಷತ್ರಗಳು ಆ ರಾತ್ರಿಯವಲ್ಲ. ಅಷ್ಟೇ ಅಲ್ಲ, ಆಕಾಶದ ಅರ್ಧ ಭಾಗ ಇನ್ನರ್ಧದ ಕನ್ನಡಿ ಬಿಂಬ. ಖಗೋಳ ವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ಇದನ್ನು ಡೈರೆಕ್ಟರ್ ಜೇಮ್ಸ್ ಕ್ಯಾಮರೂನ್‌ಗೆ ಬಿಡದೆ ಹೇಳುತ್ತಲೇ ಇದ್ದರು. 2012ರಲ್ಲಿ 3ಡಿ ಆವೃತ್ತಿ ಮಾಡುವಾಗ ಕ್ಯಾಮರೂನ್ ಅವರಿಂದಲೇ 1912ರ ಏಪ್ರಿಲ್ 15ರ ಬೆಳಗಿನ ಜಾವದ ಸರಿಯಾದ ಆಕಾಶವನ್ನು ತರಿಸಿಕೊಂಡು ಆ ದೃಶ್ಯವನ್ನು ಬದಲಾಯಿಸಿದರು.

ನಕ್ಷತ್ರಗಳು ಈಗ ತಮ್ಮ ಜಾಗದಲ್ಲಿವೆ. ಮರ್ಡಾಕ್ ಗುಂಡು ಹೊಡೆಯುವ ದೃಶ್ಯ ಅದೇ ಸಿನಿಮಾದಲ್ಲಿ ಇನ್ನೂ ಹಾಗೇ ಇದೆ.